ಬೆತ್ತ: ಕುರ್ಚಿಯ ದುರಸ್ತಿ ಮತ್ತು ಬುಟ್ಟಿಯ ಹೆಣಿಗೆ

ಬೆತ್ತ ತಾಳೆಯ ಬಳಗಕ್ಕೆ ಸೇರಿದ ಮುಳ್ಳುಬಳ್ಳಿ. ಅಡಿಕೆ, ತೆಂಗು, ಬಗನಿಗಳಿಗೆ ನೆಂಟನಾದರೂ ಅವುಗಳಂತೆ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಅಕ್ಕಪಕ್ಕದ ಮರಗಳನ್ನು ಕೊಕ್ಕೆಮುಳ್ಳುಗಳಿಂದ ಹಿಡಿದುಕೊಂಡು ಬೆಳಕಿನತ್ತ ಏರುತ್ತದೆ. ಸಂಸ್ಕೃತದ ವೇತ್ರ ಕನ್ನಡದ ಬಾಯಲ್ಲಿ ಬೆತ್ತವಾಗಿದೆ. ಮಧ್ಯಭಾರತದ ಬೇತ್ವಾ ನದಿಯ ಹಳೆಯ ಹೆಸರಾದ ವೇತ್ರವತಿಯಲ್ಲೂ ಇದೇ ಮಾತಿದೆ. ಕನ್ನಡಿಗರ ನೆನಪಿನಲ್ಲಿ ಬೆತ್ತವೆಂದೊಡನೆ ಮೂಡುವುದು ಕೋಲು: ಶಾಲೆಯ ಮೇಷ್ಟರ ಕೈಯದು, ಇಲ್ಲವೇ ಮಂಟೇಸ್ವಾಮಿ, ಮಾದಪ್ಪರ ಪರಂಪರೆಯ ನಾಗಬೆತ್ತ. ಆ ನೆನಪಿನ ಅಡಿಯಲ್ಲಿ ಬೆತ್ತದ ಇನ್ನೊಂದು ಬದುಕು ಮರೆಯಾಗಿದೆ. ಕಚೇರಿ, ನ್ಯಾಯಾಲಯ, ರೈಲು ನಿಲ್ದಾಣಗಳ ಕುರ್ಚಿಗಳಲ್ಲಿ, ಮಲೆನಾಡಿನ ಜಗಲಿಗಳ ಆರಾಮಕುರ್ಚಿಗಳಲ್ಲಿ, ತೊಟ್ಟಿಲಲ್ಲಿ, ಬುಟ್ಟಿಯಲ್ಲಿ ಅದು ಸೀಳಾಗಿ, ಎಳೆಯಾಗಿ, ಕಡ್ಡಿಯಾಗಿ ದುಡಿದಿದೆ. ಅಲ್ಲಿ ಅದರ ಬೆಲೆಯನ್ನು ಅಳೆಯುವ ಬಗೆ ಬೇರೆಯೇ ಆಗಬೇಕು. ಮರದ ಚೌಕಟ್ಟಿನ ಆಯುಷ್ಯಕ್ಕೆ ಹೋಲಿಸಿದರೆ ಬೆತ್ತದ ಹೆಣಿಗೆ ಬೇಗ ಸವೆಯುವ ಭಾಗ. ಆದರೆ ಸವೆದಾಗ ಚೌಕಟ್ಟಿಗೆ ನೋವಾಗದಂತೆ ಬಿಚ್ಚಿ ತೆಗೆಯಬಹುದು, ಅದೇ ರಂಧ್ರಗಳಲ್ಲಿ ಹೊಸ ಎಳೆಯನ್ನು ಮತ್ತೆ ಹೆಣೆಯಬಹುದು. ಬೆತ್ತವನ್ನು ಹೊಸ ಪೀಠೋಪಕರಣದ ಕಚ್ಚಾವಸ್ತುವೆಂದು ಎಣಿಸುವ ವಾಡಿಕೆಗಿಂತ ದುರಸ್ತಿಯ ವಸ್ತುವೆಂದು ಕಂಡರೆ ಅದರ ಗುಣಗಳು, ಚರಿತ್ರೆ, ಇಂದಿನ ಕಷ್ಟಗಳು ಮೂರೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ.

ಜಗತ್ತಿನಲ್ಲಿ ಸುಮಾರು 600 ಜಾತಿಯ ಬೆತ್ತಗಳಿವೆ. ಪಶ್ಚಿಮ ಆಫ್ರಿಕದ ಮಳೆಕಾಡುಗಳಿಂದ ಹಿಡಿದು ದಕ್ಷಿಣ ಏಷ್ಯ, ಮಲಯ ದ್ವೀಪಸಮೂಹ, ಆಸ್ಟ್ರೇಲಿಯದ ಈಶಾನ್ಯ ಅಂಚು, ಫಿಜಿಯವರೆಗೆ ಇವು ಹಬ್ಬಿವೆ. ಭಾರತದಲ್ಲಿ ಪಶ್ಚಿಮಘಟ್ಟ, ಈಶಾನ್ಯ ರಾಜ್ಯಗಳು, ಅಂಡಮಾನ್ ಮತ್ತು ನಿಕೋಬಾರ್ ಇವುಗಳ ಮುಖ್ಯ ನೆಲೆ. ಹೆಚ್ಚಿನವು ಕಲಾಮಸ್ ಕುಲದವು. ಲಿನೇಯಸ್ 1753ರಲ್ಲೇ ದಕ್ಷಿಣ ಭಾರತ, ಶ್ರೀಲಂಕಾಗಳ ಸಾಮಾನ್ಯ ಬೆತ್ತಕ್ಕೆ ಕಲಾಮಸ್ ರೋಟಾಂಗ್ ಎಂದು ಹೆಸರಿಟ್ಟ. ಆ ಹೆಸರಿನ ಎರಡನೆಯ ಪದ ಮಲಯ ಭಾಷೆಯ ರೋತನ್. ಹೆಣಿಗೆಗೆ ಬೇಕಾದ ಗುಣಗಳೆಲ್ಲ ಈ ಬಳ್ಳಿಯ ಒಡಲಿನಲ್ಲೇ ಇವೆ. ತಾಳೆಯ ಜಾತಿಯ ಗಿಡಗಳಿಗೆ ಹಲಸು, ತೇಗಗಳಂತೆ ವರ್ಷದಿಂದ ವರ್ಷಕ್ಕೆ ಕಾಂಡವನ್ನು ದಪ್ಪ ಮಾಡುವ ಅಂಗಾಂಶವಿಲ್ಲ. ಆದ್ದರಿಂದ ಬೆತ್ತಕ್ಕೆ ವಯಸ್ಸಾದಂತೆ ಉದ್ದ ಹೆಚ್ಚುತ್ತದೆಯೇ ಹೊರತು ದಪ್ಪ ಹೆಚ್ಚುವುದಿಲ್ಲ. ನೂರು ಮೀಟರ್ ದಾಟುವ ಬಳ್ಳಿಗಳೂ ಇವೆ, ಹತ್ತಾರು ಮೀಟರ್ ಉದ್ದಕ್ಕೂ ಅವುಗಳ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಅಷ್ಟುದ್ದದ ಸಮದಪ್ಪನೆಯ ಎಳೆ ಬೇರೆ ಯಾವ ಕಾಡುಗಿಡದಿಂದಲೂ ಸುಲಭವಾಗಿ ಸಿಗದು. ಇನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಬಿದಿರಿನಂತೆ ನಡುವೆ ಟೊಳ್ಳಿಲ್ಲ, ಪೂರಾ ಗಟ್ಟಿ. ಮೆತ್ತನೆಯ ತಿರುಳಿನ ನಡುವೆ ನಾರಿನ ಕಟ್ಟುಗಳು ಹರಡಿವೆ. ಒಳಗೆ ವಿರಳ, ಸಿಪ್ಪೆಯ ಹತ್ತಿರ ದಟ್ಟ. ಹೊರಮೈಯ ಹೊಳಪು ಅಲ್ಲಿ ಶೇಖರವಾದ ಸಿಲಿಕದಿಂದ ಬಂದದ್ದು. ಅಂದರೆ ಒಂದೇ ಬಳ್ಳಿಯಲ್ಲಿ ಎರಡು ವಸ್ತುಗಳಿವೆ: ನುಣುಪಾದ, ಎಳೆತಕ್ಕೆ ಜಗ್ಗದ ಸಿಪ್ಪೆ ಮತ್ತು ನೀರು ಕುಡಿದು ಬಾಗುವ ಒಳತಿರುಳು. ಕುರ್ಚಿಯ ಆಸನಕ್ಕೆ ಮೊದಲನೆಯದು, ಬುಟ್ಟಿಗೆ ಎರಡನೆಯದು.

ಕಾಡಿನಿಂದ ಹೆಣೆಯುವವರ ಕೈಗೆ ಬರುವ ತನಕ ಬೆತ್ತ ಹಾದುಬರುವ ಹಂತಗಳನ್ನು ಬಲ್ಲವರಿಗೆ ಅದರ ದೋಷಗಳೂ ಗೊತ್ತಿರುತ್ತವೆ. ಬುಡದಲ್ಲಿ ಕಡಿದ ಬಳ್ಳಿಯನ್ನು ಮರದ ನೆತ್ತಿಯಿಂದ ಎಳೆದಿಳಿಸುವುದೇ ಕಷ್ಟದ ಕೆಲಸ. ಮುಳ್ಳಿನ ಎಲೆಪೊರೆ ಸುಲಿದ ಮೇಲಷ್ಟೇ ನುಣುಪು ಕಾಂಡ ಕಾಣುತ್ತದೆ. ಹಸಿ ಬೆತ್ತದಲ್ಲಿ ನೀರೂ ಪಿಷ್ಟವೂ ಇರುವುದರಿಂದ ಒಂದೆರಡು ದಿನ ಹಾಗೇ ಬಿಟ್ಟರೂ ಬೂಷ್ಟು ತಗಲಿ ನೀಲಿಗಪ್ಪು ಕಲೆ ಬೀಳುತ್ತದೆ, ಆಮೇಲೆ ಕುಟ್ಟೆಹುಳು ಹಿಡಿಯುತ್ತದೆ. ಆಗ್ನೇಯ ಏಷ್ಯದಲ್ಲಿ ದಪ್ಪ ಬೆತ್ತವನ್ನು ಎಣ್ಣೆಯಲ್ಲಿ ಕುದಿಸುತ್ತಾರೆ; ಸಣ್ಣ ಬೆತ್ತವನ್ನು ಮರಳು ಹಾಕಿ ಉಜ್ಜಿ ತೊಳೆದು ಗಂಧಕದ ಹೊಗೆ ಕೊಡುತ್ತಾರೆ. ಕಲೆ ಬಿದ್ದ ಬೆತ್ತ ಕೆಲವೊಮ್ಮೆ ನೋಡಲಷ್ಟೇ ಕೆಟ್ಟದ್ದು. ಹುಳು ಹಿಡಿದದ್ದು ಎಳೆದ ಕೂಡಲೇ ಪಟ್ಟನೆ ತುಂಡಾಗುತ್ತದೆ. ದುರಸ್ತಿಗೆ ಕೊಳ್ಳುವವರು ಎಳೆಯನ್ನು ಬೆರಳಿಗೆ ಸುತ್ತಿ ನೋಡುವುದು ಇದಕ್ಕಾಗಿಯೇ. ಸೀಳಿದ ಸಿಪ್ಪೆಯನ್ನು ಒಂದೇ ಅಗಲಕ್ಕೆ, ಒಂದೇ ದಪ್ಪಕ್ಕೆ ಹೆರೆದು ಸುರುಳಿ ಕಟ್ಟುತ್ತಾರೆ. ಉಳಿದ ತಿರುಳನ್ನು ಅಚ್ಚಿನ ರಂಧ್ರಗಳಲ್ಲಿ ಹಾಯಿಸಿ ದುಂಡು ಕಡ್ಡಿ, ಚಪ್ಪಟೆ ಪಟ್ಟಿಗಳನ್ನು ಮಾಡುತ್ತಾರೆ. ಆಸನದ ಎಳೆಯ ಅಗಲ ಸಾಮಾನ್ಯವಾಗಿ 2 ಮಿಲಿಮೀಟರಿನಿಂದ 3.5 ಮಿಲಿಮೀಟರ್. ಯಾವ ಅಗಲ ಬೇಕೆಂಬುದನ್ನು ತೀರ್ಮಾನಿಸುವುದು ಚೌಕಟ್ಟಿನ ರಂಧ್ರಗಳ ನಡುವಿನ ಅಂತರ: ಅರ್ಧ ಅಂಗುಲಕ್ಕೊಂದು ರಂಧ್ರವಿದ್ದರೆ ಎಳೆ 2.25 ಮಿಲಿಮೀಟರಿನ ಆಸುಪಾಸು, ಮುಕ್ಕಾಲು ಅಂಗುಲವಿದ್ದರೆ 3 ಮಿಲಿಮೀಟರ್. ನೂರು ವರ್ಷದ ಹಿಂದಿನ ಬಡಗಿ ಕೊರೆದ ರಂಧ್ರದ ಲೆಕ್ಕ ಇಂದಿನ ಹೆಣೆಯುವವರಿಗೆ ಅಳತೆಪಟ್ಟಿಯಾಗುತ್ತದೆ. ದುರಸ್ತಿಯನ್ನು ಮುಂದಿಟ್ಟುಕೊಂಡೇ ರೂಪಿಸಿದ ವಸ್ತುವಿನ ಲಕ್ಷಣ ಇದು.

ರಂಧ್ರಗಳುಳ್ಳ ಚೌಕಟ್ಟಿನ ಮೇಲೆ ಕೈಯಿಂದ ಹೆಣೆಯುವ ರೂಢಿಯ ವಿನ್ಯಾಸಕ್ಕೆ ಏಳು ಹಂತಗಳಿವೆ. ಮೊದಲು ಹಿಂದಿನಿಂದ ಮುಂದಕ್ಕೆ ಉದ್ದದ ಎಳೆ, ಅದರ ಮೇಲೆ ಅಡ್ಡ ಎಳೆ, ಮತ್ತೆ ಮೊದಲ ಸಾಲಿನ ರಂಧ್ರಗಳಲ್ಲೇ ಇನ್ನೊಂದು ಉದ್ದದ ಎಳೆ; ಈ ಮೂರರಲ್ಲಿ ಹೆಣಿಗೆಯಿಲ್ಲ, ಒಂದರ ಮೇಲೊಂದು ಹಾಸುವುದಷ್ಟೇ. ನಾಲ್ಕನೆಯ ಹಂತದ ಅಡ್ಡ ಎಳೆ ಉದ್ದದ ಜೋಡಿಗಳ ನಡುವೆ ಮೇಲೆ ಕೆಳಗೆ ನುಸುಳಿ ಎಲ್ಲವನ್ನೂ ಬಿಗಿಯುತ್ತದೆ. ಐದು ಮತ್ತು ಆರನೆಯವು ಮೂಲೆಯಿಂದ ಮೂಲೆಗೆ ಹಾಯುವ ಓರೆ ಎಳೆಗಳು. ಇವು ಬಿದ್ದ ಮೇಲೆ ಚೌಕಗಳೆಲ್ಲ ಎಂಟು ಬದಿಯ ಕಂಡಿಗಳಾಗಿ ಅರಳುತ್ತವೆ. ಏಳನೆಯದು ಅಂಚಿನ ಪಟ್ಟಿ, ರಂಧ್ರಗಳ ಸಾಲನ್ನು ಮುಚ್ಚಲು. ಕೆಲಸ ನಡೆಯುವಾಗ ಪ್ರತಿ ತುದಿಯನ್ನೂ ಸಣ್ಣ ಗೂಟದಿಂದ ತಾತ್ಕಾಲಿಕವಾಗಿ ಹಿಡಿಸಿ, ಕೊನೆಗೆ ಆಸನದ ಅಡಿಯಲ್ಲಿ ಪಕ್ಕದ ಎಳೆಗೆ ಗಂಟು ಹಾಕುತ್ತಾರೆ. ಇಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಓರೆ ಎಳೆಗಳು ಬರೀ ಅಲಂಕಾರಕ್ಕೆಂದು ಭಾವಿಸಿ ಕೈಬಿಟ್ಟರೆ ಆಸನ ಬೇಗ ಜೋಲುತ್ತದೆ. ಕೂತವರ ಭಾರ ನಾಲ್ಕು ದಿಕ್ಕುಗಳ ಬದಲು ಎಂಟು ದಿಕ್ಕುಗಳಿಗೆ ಹಂಚಿಹೋಗುವುದು ಅವುಗಳಿಂದಲೇ. ಇನ್ನೊಂದು ಸೂಕ್ಷ್ಮವಿದೆ: ಬೆತ್ತದ ಎಳೆಗೆ ಸರಿ ದಿಕ್ಕು, ತಪ್ಪು ದಿಕ್ಕು ಎಂಬುದುಂಟು. ಗೆಣ್ಣಿದ್ದ ಜಾಗದ ಸಣ್ಣ ಏಣು ಒಂದು ಕಡೆಗೆ ಎಳೆದಾಗ ನುಣುಪಾಗಿ ಸರಿಯುತ್ತದೆ, ಎದುರು ಕಡೆಗೆ ಎಳೆದರೆ ಉಳಿದ ಎಳೆಗಳಿಗೆ ಸಿಕ್ಕಿಹಾಕಿಕೊಂಡು ಸಿಬಿರೇಳುತ್ತದೆ. ಉಗುರಿನಿಂದ ಸವರಿ ನೋಡಿಯೇ ಇದನ್ನು ಪತ್ತೆಮಾಡಬೇಕು.

ಈ ಹೆಣಿಗೆ ನಿಲ್ಲುವುದೂ ಮತ್ತೆ ಮತ್ತೆ ಸಾಧ್ಯವಾಗುವುದೂ ನೀರಿನ ದೆಸೆಯಿಂದ. ಒಣ ಎಳೆ ಬಾಗಿಸಿದರೆ ಸೀಳುತ್ತದೆ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ನೆನೆಸಿದರೆ ಜೀವಕೋಶಗಳ ಭಿತ್ತಿ ನೀರು ಹೀರಿ ಎಳೆ ಹಗ್ಗದಂತೆ ಮೆತ್ತಗಾಗುತ್ತದೆ. ಹೆಣೆದ ಮೇಲೆ ಆರುತ್ತ ಸೆಟೆದುಕೊಳ್ಳುತ್ತದೆ, ತುಸು ಕುಗ್ಗುತ್ತದೆ. ಒಂದೆರಡು ದಿನದಲ್ಲಿ ಆಸನ ಚರ್ಮವಾದ್ಯದ ಮುಖದಂತೆ ಬಿಗಿಯಾಗಿರುತ್ತದೆ. ಹೆಚ್ಚು ಹೊತ್ತು ನೆನೆಸುವುದೂ ತಪ್ಪೇ: ಬಣ್ಣ ಕೆಡುತ್ತದೆ, ನಾರು ಸಡಿಲವಾಗುತ್ತದೆ. ಇದೇ ಗುಣದಿಂದ ಸ್ವಲ್ಪ ಜೋತ ಆಸನವನ್ನು ಬಿಚ್ಚದೆಯೇ ಸರಿಪಡಿಸಬಹುದು. ಹೊಳಪಿನ ಮೇಲ್ಮೈ ನೀರನ್ನು ಒಳಬಿಡದು. ಅಡಿಮೈಗೆ ಒದ್ದೆ ಬಟ್ಟೆ ಹಾಸಿ, ಆಮೇಲೆ ಯಾರೂ ಕೂರದಂತೆ ಆರಬಿಟ್ಟರೆ ಅದು ಮತ್ತೆ ಬಿಗಿಯುತ್ತದೆ. ಆದರೆ ಎಳೆ ತುಂಡಾಗಿದ್ದರೆ ಈ ಉಪಾಯ ನಡೆಯದು, ತೇಪೆಯೂ ನಡೆಯದು. ಒಂದು ಎಳೆ ಹೋದರೆ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ, ಅವುಗಳ ವಯಸ್ಸೂ ಅಷ್ಟೇ ಆಗಿರುತ್ತದೆ, ಹೀಗಾಗಿ ತೂತು ಹಿಗ್ಗುತ್ತಲೇ ಹೋಗುತ್ತದೆ. ಕುರ್ಚಿಯ ಆಸನದಲ್ಲಿ ದುರಸ್ತಿಯೆಂದರೆ ಇಡೀ ಜಾಲರಿಯನ್ನು ಕತ್ತರಿಸಿ ತೆಗೆದು, ರಂಧ್ರಗಳಲ್ಲಿ ಉಳಿದ ತುಂಡುಗಳನ್ನು ಬಡಿದು ಹೊರಹಾಕಿ, ಮೊದಲ ಹಂತದಿಂದ ಪುನಃ ಶುರುಮಾಡುವುದು. ಬುಟ್ಟಿ ಮತ್ತು ಹೆಣೆದ ಸೋಫಾಗಳ ಮಾತು ಬೇರೆ. ಅಲ್ಲಿ ಮುರಿದ ಕಡ್ಡಿಯ ಪಕ್ಕಕ್ಕೇ ಹೊಸದನ್ನು ತೂರಿಸಬಹುದು, ಹರಿದ ಹೆಣೆಯೆಳೆಯನ್ನು ಎರಡೂ ಕಡೆ ಗಟ್ಟಿಯಿರುವ ಜಾಗದವರೆಗೆ ಹಿಂದೆ ಸರಿಸಿ ಹೊಸದನ್ನು ಸೇರಿಸಬಹುದು. ಒಂದು ಬಗೆಯಲ್ಲಿ ಬದಲಾಗುವುದು ಇಡೀ ಹಾಸು, ಇನ್ನೊಂದರಲ್ಲಿ ಒಂಟಿ ಕಡ್ಡಿ. ಎರಡರಲ್ಲೂ ಉಳಿದ ವಸ್ತು ಉಳಿಯುತ್ತದೆ.

ದುರಸ್ತಿಯ ಈ ಗುಣ ಎಷ್ಟು ಆಳದ್ದೆಂಬುದಕ್ಕೆ ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯ ಬೆತ್ತದ ತೂಗುಸೇತುವೆಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಅಲ್ಲಿನ ಆದಿ ಬುಡಕಟ್ಟಿನ ಜನ ನದಿಯ ಎರಡು ದಡಗಳ ನಡುವೆ ಉದ್ದನೆಯ ಬೆತ್ತಗಳನ್ನು ಬಿಗಿದು, ಸುತ್ತಲೂ ಬೆತ್ತದ ಬಳೆಗಳನ್ನು ತೊಡಿಸಿ, ಕೊಳವೆಯಂಥ ದಾರಿ ಮಾಡುತ್ತಾರೆ. ಮಳೆ ಬಿಸಿಲಿನಲ್ಲಿ ಬೆತ್ತ ಕೊಳೆಯುವುದು ಖಚಿತವೆಂದು ಅವರಿಗೆ ಗೊತ್ತು. ಸೇತುವೆ ಉಳಿಯುವುದು ಊರಿನವರು ಒಟ್ಟಾಗಿ ಸವೆದ ಎಳೆಗಳನ್ನು ಆಗಾಗ ಬದಲಾಯಿಸುವುದರಿಂದ. ಹೀಗೆ ಒಂದೊಂದೇ ಎಳೆ ಬದಲಾಗುತ್ತ ಬಂದ ಸೇತುವೆಯಲ್ಲಿ ಮೊದಲು ಕಟ್ಟಿದ ಬೆತ್ತ ಒಂದೂ ಇಲ್ಲದಿರಬಹುದು. ಆದರೂ ಅದು ಅದೇ ಸೇತುವೆ.

ಯುರೋಪಿಗೆ ಬೆತ್ತದ ಆಸನ ಹೋದದ್ದು 17ನೆಯ ಶತಮಾನದಲ್ಲಿ, ಡಚ್ ಮತ್ತು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳಲ್ಲಿ. ಇಂಗ್ಲೆಂಡಿನಲ್ಲಿ 1664ರ ಸುಮಾರಿಗೆ ಅದು ಬಳಕೆಗೆ ಬಂತೆಂದು ಲಂಡನ್ನಿನ ಬೆತ್ತದ ಕುರ್ಚಿ ತಯಾರಕರೇ ಆ ಶತಮಾನದ ಕೊನೆಯ ಭಾಗದಲ್ಲಿ ಸಂಸತ್ತಿಗೆ ಕೊಟ್ಟ ಮನವಿಯಲ್ಲಿ ಹೇಳಿಕೊಂಡಿದ್ದಾರೆ. ಉಣ್ಣೆಬಟ್ಟೆಯ ವ್ಯಾಪಾರಿಗಳು ಬೆತ್ತದಿಂದ ತಮ್ಮ ವ್ಯಾಪಾರ ಕೆಡುತ್ತಿದೆ, ನಿಷೇಧಿಸಿ ಎಂದು ದೂರಿದ್ದರು. ಅದಕ್ಕೆ ಉತ್ತರವಾಗಿ ಬಂದ ಮನವಿ ಅದು. ಬಾಳಿಕೆ, ಹಗುರ, ಧೂಳು ಹುಳುಗಳಿಂದ ಮುಕ್ತಿ ಎಂಬ ಕಾರಣಗಳಿಗಾಗಿ ಜನ ಮೆಚ್ಚಿದ್ದಾರೆಂಬುದು ಅವರ ವಾದ. ಎರಡು ಶತಮಾನಗಳ ನಂತರ, 1859ರಲ್ಲಿ, ಮಿಕಾಯೆಲ್ ಥೋನೆಟ್ ಎಂಬ ಕುಶಲಕರ್ಮಿ ಹಬೆಯಲ್ಲಿ ಬಾಗಿಸಿದ ಬೀಚ್ ಮರದಿಂದ ತನ್ನ 14ನೆಯ ಸಂಖ್ಯೆಯ ಕುರ್ಚಿಯನ್ನು ಹೊರತಂದ. ಮರದ ಆರು ತುಂಡು, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು. 1930ರ ಹೊತ್ತಿಗೆ ಸುಮಾರು ಐದು ಕೋಟಿ ಕುರ್ಚಿಗಳು ಮಾರಾಟವಾಗಿದ್ದವು. ಅದರ ಆಸನ ಬೆತ್ತದ್ದು, ಕಾಫಿಗೃಹದಲ್ಲಿ ಚೆಲ್ಲಿದ್ದು ಕಂಡಿಗಳ ಮೂಲಕ ಕೆಳಗಿಳಿದುಹೋಗುವಂಥದ್ದು. ಆ ಕುರ್ಚಿಯ ಪ್ರತಿ ಭಾಗವನ್ನೂ ಬಿಚ್ಚಿ ಬದಲಾಯಿಸಬಹುದಿತ್ತು. ಬೆತ್ತ ಆ ತರ್ಕಕ್ಕೆ ತಕ್ಕ ಜೊತೆ. ನೂರು ವರ್ಷ ದಾಟಿದ ಅಂಥ ಕುರ್ಚಿಗಳು ಇಂದೂ ಬಳಕೆಯಲ್ಲಿರುವುದಕ್ಕೆ ಬೀಚ್ ಮರದ ಗಟ್ಟಿತನ ಎಷ್ಟು ಕಾರಣವೋ ಆಸನವನ್ನು ಮತ್ತೆ ಮತ್ತೆ ಹೆಣೆದವರ ಕೈಗಳೂ ಅಷ್ಟೇ ಕಾರಣ.

ಅಮೆರಿಕದಲ್ಲಿ ಚರಿತ್ರೆ ಬೇರೆ ದಾರಿ ಹಿಡಿಯಿತು. 1840ರ ದಶಕದಲ್ಲಿ ಬಾಸ್ಟನ್ ಬಂದರಿಗೆ ಬರುತ್ತಿದ್ದ ಹಡಗುಗಳಲ್ಲಿ ಸರಕು ಅಲುಗಾಡದಂತೆ ನಡುವೆ ತುಂಬಿದ ಬೆತ್ತವನ್ನು ದಕ್ಕೆಯಲ್ಲಿ ಎಸೆಯುತ್ತಿದ್ದರು. ಸೈರಸ್ ವೇಕ್‌ಫೀಲ್ಡ್ ಎಂಬ ವ್ಯಾಪಾರಿ ಅದನ್ನು ಕುರ್ಚಿ ಮಾಡುವವರಿಗೆ ಮಾರತೊಡಗಿ, 1855ರಲ್ಲಿ ತನ್ನದೇ ಕಾರ್ಖಾನೆ ತೆರೆದ. ಕಾರ್ಖಾನೆಯಿದ್ದ ಊರಿಗೆ 1868ರಲ್ಲಿ ಅವನ ಹೆಸರನ್ನೇ ಇಟ್ಟರು. ಮುಂದೆ ಬೆತ್ತದ ಜಾಲರಿಯನ್ನು ಮಗ್ಗದಲ್ಲಿ ನೇಯುವ ಯಂತ್ರಗಳು ಬಂದವು. ನೇಯ್ದ ಜಾಲರಿಯನ್ನು ನೆನೆಸಿ, ಚೌಕಟ್ಟಿನ ಸುತ್ತ ತೋಡಿದ ಗಾಡಿಯೊಳಗೆ (ಸಣ್ಣ ಕಾಲುವೆಯಂಥ ಸಂದಿಯೊಳಗೆ) ಅದುಮಿ, ಮೇಲೆ ಬೆತ್ತದ ಕೀಲುಪಟ್ಟಿ ಬಡಿದು ಅಂಟಿಸುವ ಪದ್ಧತಿ ಆಗ ಹುಟ್ಟಿದ್ದು. ಕೈಹೆಣಿಗೆಗೆ ಒಂದು ಆಸನಕ್ಕೆ ಇಡೀ ದಿನ, ಕೆಲವೊಮ್ಮೆ ಎರಡು ದಿನ ಬೇಕು. ಜಾಲರಿಗೆ ಒಂದೆರಡು ಗಂಟೆ ಸಾಕು. ಜಾಲರಿ ಬಂದ ಮೇಲೆ ಕೈಹೆಣಿಗೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಗಾಡಿಯುಳ್ಳ ಚೌಕಟ್ಟಿಗೆ ಜಾಲರಿಯೇ ಸರಿ, ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ತೊಂದರೆ ಶುರುವಾಗುವುದು ರಂಧ್ರಗಳುಳ್ಳ ಹಳೆಯ ಕುರ್ಚಿಗೆ ಬೇಗ ಮುಗಿಯಲೆಂದು ಗಾಡಿ ತೋಡಿದಾಗ. ಮರ ಸಣ್ಣದಾಗಿ ಬಲ ಕುಂದುತ್ತದೆ, ರಂಧ್ರಗಳ ಸಾಲಿನ ಗುಂಟ ಸೀಳು ಬಿಡುತ್ತದೆ. ಹಾಗೆಯೇ ಕೀಲುಪಟ್ಟಿಗೆ ನೀರಿಗೆ ಕರಗುವ ಅಂಟನ್ನೇ ಬಳಸಬೇಕು. ಕಲ್ಲಿನಂತೆ ಕಚ್ಚುವ ಎಪಾಕ್ಸಿ ಹಾಕಿದರೆ ಮುಂದಿನ ಬಾರಿ ಚೌಕಟ್ಟನ್ನು ಒಡೆಯದೆ ಬಿಡಿಸಲಾಗದು. ಇವತ್ತಿನ ದುರಸ್ತಿ ನಾಳಿನ ದುರಸ್ತಿಗೆ ದಾರಿ ಬಿಟ್ಟಿರಬೇಕು. ಬಹಳಷ್ಟು ಒಳ್ಳೆಯ ಕುರ್ಚಿಗಳು ಹಾಳಾಗಿರುವುದು ಸವೆತದಿಂದಲ್ಲ, ಈ ನಿಯಮ ಮರೆತ ದುರಸ್ತಿಯಿಂದ.

ಬದಲಿ ವಸ್ತುಗಳ ವಾದಕ್ಕೆ ಈಗ ಬರಬಹುದು. 1917ರಲ್ಲಿ ಮಾರ್ಷಲ್ ಲಾಯ್ಡ್ ಎಂಬ ಅಮೆರಿಕನ್ ಹೊಸೆದ ಕಾಗದದಿಂದ ಹಾಸು ನೇಯ್ದು ಬೆತ್ತಕ್ಕೆ ಪರ್ಯಾಯ ಮಾಡಿದ. ಲಂಬ ಎಳೆಗಳೊಳಗೆ ಉಕ್ಕಿನ ತಂತಿಯಿತ್ತು. ನಮ್ಮಲ್ಲಿ ಪ್ಲಾಸ್ಟಿಕ್ ಪಟ್ಟಿ, ನೈಲಾನ್ ಎಳೆಗಳು ಕಚೇರಿಯ ಕುರ್ಚಿಗಳಿಗೆ ಬಂದವು. ಇತ್ತೀಚೆಗೆ ಪಾಲಿಎಥಿಲೀನ್ ಎಳೆಯ ಸೋಫಾಗಳು ತೋಟ, ತಾರಸಿಗಳನ್ನು ತುಂಬಿವೆ. ಇವು ಮಳೆಗೆ ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ಅಗ್ಗ ಎಂಬುದು ಪೂರಾ ನಿಜ. ಬಯಲಿನಲ್ಲಿ ಇಡುವ ಕುರ್ಚಿಗೆ ಬೆತ್ತ ತಕ್ಕದ್ದಲ್ಲ ಎಂದು ಒಪ್ಪಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ಅದು ಒಂದೆರಡು ವರ್ಷದಲ್ಲಿ ಕಪ್ಪಾಗುತ್ತದೆ. ಆದರೆ ಮನೆಯೊಳಗಿನ ಲೆಕ್ಕ ಬೇರೆ. ಪ್ಲಾಸ್ಟಿಕ್ ಎಳೆ ನೀರು ಕುಡಿಯುವುದಿಲ್ಲ, ಆದ್ದರಿಂದ ಆರಿ ಬಿಗಿಯುವುದೂ ಇಲ್ಲ. ಕೈ ಎಳೆದಷ್ಟೇ ಅದರ ಬಿಗಿ. ಭಾರಕ್ಕೆ ನಿಧಾನವಾಗಿ ಹಿಗ್ಗಿದ್ದು ಮತ್ತೆ ಕುಗ್ಗದು. ನುಣುಪಿನಿಂದ ಗಂಟು ಜಾರುತ್ತದೆ. ಬಿಸಿಲಿಗೆ ಪೆಡಸಾಗಿ ಒಡೆದರೆ ಆ ಬಣ್ಣ, ಆ ಅಗಲ, ಆ ಅಚ್ಚಿನ ಎಳೆ ಮಾರುಕಟ್ಟೆಯಲ್ಲಿ ಉಳಿದಿರುವುದು ಅನುಮಾನ. ಬೆತ್ತದ ಎಳೆಯ ಅಗಲಗಳೋ ಬಹುಕಾಲದಿಂದ ಹೆಚ್ಚು ಬದಲಾಗಿಲ್ಲ. ಬೆತ್ತದ ವೈರಿ ಇನ್ನೊಂದಿದೆ, ಅದು ಒಣಗಾಳಿ: ಹವಾನಿಯಂತ್ರಿತ ಕೋಣೆಯಲ್ಲಿ, ಬಯಲುಸೀಮೆಯ ಬೇಸಿಗೆಯಲ್ಲಿ ಅದು ಗರಿಗರಿಯಾಗಿ ಒಡೆಯುತ್ತದೆ. ತಿಂಗಳಿಗೊಮ್ಮೆ ಅಡಿಯಿಂದ ನೀರು ಚಿಮುಕಿಸಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಬುಟ್ಟಿಯ ಹೆಣಿಗೆಯಲ್ಲಿ ಬೆತ್ತದ ತಿರುಳಿಗೆ ಯಜಮಾನಿಕೆ. ತಳದಿಂದ ಸೂರ್ಯಕಿರಣಗಳಂತೆ ಹೊರಟ ಕಡ್ಡಿಗಳನ್ನು ನೆನೆಸಿ ಮೇಲಕ್ಕೆ ಬಾಗಿಸಿದರೆ ಅವೇ ಬುಟ್ಟಿಯ ಗೋಡೆಯ ಕಂಬಗಳು. ಒಂದೇ ಹೆಣೆಯೆಳೆಯಿಂದ ಮೇಲೆ ಕೆಳಗೆ ಸುತ್ತುವುದಾದರೆ ಕಂಬಗಳ ಸಂಖ್ಯೆ ಬೆಸವಾಗಿರಬೇಕು; ಸಮವಾದರೆ ಪ್ರತಿ ಸುತ್ತಿನಲ್ಲೂ ಎಳೆ ಅದೇ ಕಂಬದ ಅದೇ ಬದಿಗೆ ಬಂದು ಬೀಳುತ್ತದೆ, ಹೆಣಿಗೆಯೇ ಆಗುವುದಿಲ್ಲ. ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದುಕೊಂಡು ಹೋಗುವಾಗ ಈ ಕಟ್ಟಳೆಯಿಲ್ಲ. ಮೂರು ಎಳೆಗಳ ಹುರಿಯಂಥ ಸುತ್ತು ತಳ ಗೋಡೆಗಳು ಕೂಡುವಲ್ಲಿ, ಅಂಚಿನ ಕೆಳಗೆ ಬರುತ್ತದೆ. ಬುಟ್ಟಿಯ ಆಕಾರ ಕೆಡದಂತೆ ಹಿಡಿಯುವುದು ಅದು. ಕೊನೆಗೆ ಕಂಬಗಳ ತುದಿಗಳನ್ನೇ ಒಂದರ ಹಿಂದೊಂದು ಬಾಗಿಸಿ ಮಡಚಿದರೆ ಅಂಚು ಕಟ್ಟಿತು. ಇಲ್ಲೂ ಎಲ್ಲವನ್ನೂ ಹಿಡಿದಿರುವುದು ಉಜ್ಜು ಮತ್ತು ಬಾಗಿನ ಒತ್ತಡ.

ಆದರೆ ಬುಟ್ಟಿಗೆ ಬಿದಿರೇ ಇರುವಾಗ ಬೆತ್ತ ಏಕೆ? ಕರ್ನಾಟಕದ ಮಟ್ಟಿಗೆ ಇದು ಬಲವಾದ ಆಕ್ಷೇಪ. ಮೊರ, ಮಂಕರಿ, ಕುಕ್ಕೆ, ತಟ್ಟಿ, ಕಣಜ ಎಲ್ಲವೂ ಇಲ್ಲಿ ಮುಖ್ಯವಾಗಿ ಬಿದಿರಿನವು. 12ನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕ ಬಿದಿರಿನದೇ. ಮೇದರ ಕಸುಬು ಇಂದಿಗೂ ಅದನ್ನೇ ನೆಚ್ಚಿದೆ. ಕರಾವಳಿಯ ಕೊರಗರು ಕಾಡಿನ ಬಳ್ಳಿಗಳಿಂದ ಹೆಣೆಯುವ ಬುಟ್ಟಿಗಳು ಇನ್ನೊಂದು ಸ್ವತಂತ್ರ ಪರಂಪರೆ. ಬಿದಿರು ಹುಲ್ಲಿನ ಜಾತಿ, ಬೇಗ ಬೆಳೆಯುತ್ತದೆ, ಊರ ಹತ್ತಿರವೇ ಸಿಗುತ್ತದೆ, ಉದ್ದಕ್ಕೆ ಕತ್ತಿ ಹಾಕಿದರೆ ನೇರವಾಗಿ ಸೀಳುತ್ತದೆ. ಧಾನ್ಯ ಕೇರುವ ಮೊರದ ಚಪ್ಪಟೆ ಹಾಸಿಗೆ ಬಿದಿರಿನ ಸೀಳಿಗಿಂತ ಒಳ್ಳೆಯದಿಲ್ಲ. ಬೆತ್ತ ಇದಕ್ಕೆ ಪ್ರತಿಸ್ಪರ್ಧಿಯೆಂದು ನಿಲ್ಲಿಸುವುದೇ ತಪ್ಪು. ಬಿದಿರು ಸೋಲುವುದು ತಿರುವಿನಲ್ಲಿ: ಕಿರಿದಾದ ಬಾಗಿನಲ್ಲಿ ಅದರ ಸೀಳು ಮುರಿಯುತ್ತದೆ, ಗೆಣ್ಣಿನಲ್ಲಿ ಒಡೆಯುತ್ತದೆ. ಆದ್ದರಿಂದಲೇ ಬಿದಿರಿನ ಬುಟ್ಟಿಯ ಬಾಯಂಚನ್ನೂ ಹಿಡಿಕೆಯನ್ನೂ ಹೊಲಿದು ಬಿಗಿಯಲು ಬೆತ್ತದ ಸಿಪ್ಪೆ ಬಳಸುವ ರೂಢಿ ಈಶಾನ್ಯದಲ್ಲೂ ಪಶ್ಚಿಮಘಟ್ಟದ ಸೆರಗಿನಲ್ಲೂ ಇದೆ. ಬುಟ್ಟಿ ಮೊದಲು ಸೋಲುವುದು ಅಂಚಿನಲ್ಲಿ. ಅಂಚಿನ ಕಟ್ಟನ್ನು ಬದಲಾಯಿಸಿದರೆ ಇಡೀ ಬುಟ್ಟಿ ಇನ್ನಷ್ಟು ಕಾಲ ದುಡಿಯುತ್ತದೆ. ಬಿದಿರಿನ ಸಾಮಾನಿಗೂ ದುರಸ್ತಿಯ ಎಳೆ ಬೆತ್ತವೇ.

ಇನ್ನು ಕಾಡಿನ ಪ್ರಶ್ನೆ, ಇದು ಎಲ್ಲಕ್ಕಿಂತ ಗಂಭೀರ. ಬಳಕೆಯ ಬೆತ್ತದಲ್ಲಿ ಹೆಚ್ಚಿನ ಪಾಲು ಇಂದಿಗೂ ಕಾಡಿನಿಂದ ಬರುತ್ತದೆ. ಬಹುಪಾಲು ಬೆತ್ತಗಳಲ್ಲಿ ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ಹೂಬಿಡುವ ವಯಸ್ಸಿಗೆ ಮುನ್ನವೇ ಕಡಿದರೆ ಬೀಜವಿಲ್ಲ. ಮಲಯ ನಾಡಿನ ಹೆಸರುವಾಸಿ ದಪ್ಪ ಬೆತ್ತ ಕಲಾಮಸ್ ಮನಾನ್ ಒಂಟಿ ಕಾಂಡದ್ದು, ಒಮ್ಮೆ ಕಡಿದರೆ ಆ ಗಿಡವೇ ಮುಗಿಯಿತು. ಹೀಗಿರುವಾಗ ಬೆತ್ತವನ್ನು ಬಳಸಿರೆನ್ನುವುದು ಸರಿಯೇ? ಉತ್ತರ ಯಾವ ಬೆತ್ತ, ಎಷ್ಟು ಬೆತ್ತ ಎಂಬುದರ ಮೇಲೆ ನಿಂತಿದೆ. ಆಸನದ ಎಳೆಗೆ ಶ್ರೇಷ್ಠವಾದ ಕಲಾಮಸ್ ಸೀಸಿಯಸ್ ಹಿಂಡಾಗಿ ಬೆಳೆಯುವಂಥದ್ದು. ಬಲಿತ ಕಾಂಡ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಏಳರಿಂದ ಹತ್ತು ವರ್ಷದಲ್ಲಿ ಕೊಯ್ಲಿಗೆ ಬರುತ್ತದೆ. ಬೋರ್ನಿಯೋದ ಬಾರಿತೋ ನದಿಯ ಪ್ರದೇಶದಲ್ಲಿ 1850ರ ಸುಮಾರಿನಿಂದಲೇ ಅದನ್ನು ತೋಟಗಳಲ್ಲಿ ಬೆಳೆಸುತ್ತಿದ್ದಾರೆ. ಪ್ರಮಾಣವನ್ನೂ ನೋಡಬೇಕು. ಸಾಧಾರಣ ಅಳತೆಯ ಒಂದು ಆಸನಕ್ಕೆ 75ರಿಂದ 90 ಮೀಟರ್ ಎಳೆ ಬೇಕು. 10 ಮಿಲಿಮೀಟರ್ ದಪ್ಪದ ಬೆತ್ತದ ಸುತ್ತಳತೆ ಸುಮಾರು 31 ಮಿಲಿಮೀಟರ್. ಸೀಳುವಾಗಿನ ನಷ್ಟ ಕಳೆದರೆ 3 ಮಿಲಿಮೀಟರಿನ ಎಂಟು ಎಳೆ ಬರುತ್ತವೆ. ನಾಲ್ಕು ಮೀಟರ್ ಉದ್ದದ ಒಂದು ಕೋಲಿನಿಂದ 32 ಮೀಟರ್. ಮೂರು ಕೋಲಿನಲ್ಲಿ ಆಸನ ಮುಗಿಯಿತು, ತಿರುಳು ಬುಟ್ಟಿಗೆ ಉಳಿಯಿತು. ಪೂರಾ ಬೆತ್ತದ ಹೊಸ ಸೋಫಾಕ್ಕೆ ಬೇಕಾಗುವ ದಪ್ಪ ಕಾಂಡಗಳ ರಾಶಿಗೆ ಹೋಲಿಸಿದರೆ ಇದು ಅತಿ ಕಡಿಮೆ. ಕಾಡಿನ ಮೇಲೆ ಒತ್ತಡ ಹಾಕುವುದು ಹೊಸ ಸಾಮಾನಿನ ಹಸಿವು. ದುರಸ್ತಿ ಆ ಹಸಿವನ್ನು ತಗ್ಗಿಸುತ್ತದೆ. ಜೊತೆಗೆ ಬೆತ್ತ ಏರಲು ಮರ ಬೇಕು. ಬೆತ್ತದಿಂದ ಬದುಕುವವರಿಗೆ ಕಾಡು ನಿಂತಿರುವುದೇ ಬಂಡವಾಳ.

ಹೊಸ ಸಾಮಾನು ಮತ್ತು ದುರಸ್ತಿಯ ನಡುವಿನ ಈ ವ್ಯತ್ಯಾಸವನ್ನು ಕಾನೂನುಗಳು ಗುರುತಿಸಿಲ್ಲ. ಜಗತ್ತಿನ ಕಚ್ಚಾ ಬೆತ್ತದ ಬಹುಪಾಲು ಇಂಡೊನೇಷ್ಯದ್ದು. ಆ ದೇಶ ತನ್ನ ಪೀಠೋಪಕರಣ ಉದ್ಯಮವನ್ನು ಬೆಳೆಸಲೆಂದು 2012ರ ಆರಂಭದಿಂದ ಕಚ್ಚಾ ಮತ್ತು ಅರೆಸಂಸ್ಕರಿತ ಬೆತ್ತದ ರಫ್ತನ್ನು ನಿಲ್ಲಿಸಿತು. ಸಿದ್ಧ ಸೋಫಾ ಗಡಿ ದಾಟಬಹುದು, ಹಳೆಯ ಕುರ್ಚಿಗೆ ಬೇಕಾದ ಕೋಲು ದಾಟುವಂತಿಲ್ಲ. ನಮ್ಮಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆ ಮರವೆಂಬುದರ ವ್ಯಾಖ್ಯೆಯಲ್ಲಿ ತಾಳೆ, ಬಿದಿರು, ಬೆತ್ತಗಳನ್ನೂ ಸೇರಿಸಿತ್ತು. 2017ರ ತಿದ್ದುಪಡಿ ಅದರಿಂದ ಬಿದಿರನ್ನು ಮಾತ್ರ ತೆಗೆಯಿತು, ಬೆತ್ತ ಮರವಾಗಿಯೇ ಉಳಿಯಿತು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬೆತ್ತ ಕಿರು ಅರಣ್ಯ ಉತ್ಪನ್ನ, ಅದನ್ನು ಸಂಗ್ರಹಿಸಿ ಮಾರುವುದು ಅರಣ್ಯವಾಸಿಗಳ ಹಕ್ಕು. ಒಂದೇ ಬಳ್ಳಿ ಒಂದು ಕಾಯ್ದೆಯಲ್ಲಿ ಮರ, ಇನ್ನೊಂದರಲ್ಲಿ ಕಿರು ಉತ್ಪನ್ನ. ಬಿದಿರಿಗೆ ಸಿಕ್ಕ ಬಿಡುಗಡೆಯನ್ನು ತೋಟದ ಬೇಲಿಯಲ್ಲಿ, ಕಾಫಿ ಅಡಿಕೆಗಳ ನಡುವಿನ ಕಾನುಗಳಲ್ಲಿ ಬೆಳೆಸಿದ ಬೆತ್ತಕ್ಕಾದರೂ ಕೊಡಬೇಕೆಂಬ ವಾದದಲ್ಲಿ ಹುರುಳಿದೆ. ಕಾಡಿನ ಬೆತ್ತದ ಮೇಲೆ ಕಾವಲು ಸಡಿಲಿಸದೆಯೂ ಇದನ್ನು ಮಾಡಬಹುದು.

ಉಳಿದದ್ದು ಕೂಲಿಯ ಮಾತು. ಒಂದು ಆಸನಕ್ಕೆ ಇಡೀ ದಿನದ ದುಡಿಮೆ, ಅದರ ಅರ್ಧ ಬೆಲೆಗೆ ಹೊಸ ಪ್ಲಾಸ್ಟಿಕ್ ಕುರ್ಚಿ; ಯಾರು ಮಾಡಿಸಿಯಾರು ಎನ್ನುತ್ತಾರೆ. ಹೋಲಿಕೆ ತಪ್ಪಾಗಿರುವುದು ಕಾಲದ ಲೆಕ್ಕದಲ್ಲಿ. ಜೋಪಾನವಾಗಿ ಬಳಸಿದ ಕೈಹೆಣಿಗೆ ಹತ್ತು ಹದಿನೈದು ವರ್ಷ ದಾಟುತ್ತದೆ, ಅದರ ಕೆಳಗಿನ ತೇಗದ ಚೌಕಟ್ಟು ಅಂಥ ಐದಾರು ಹೆಣಿಗೆಗಳನ್ನು ಕಾಣುತ್ತದೆ. ಚಂಡೀಗಢದಲ್ಲಿ ಈ ಲೆಕ್ಕ ತಪ್ಪಿದ್ದರ ಫಲವನ್ನು ಎಲ್ಲರೂ ನೋಡಿದ್ದಾರೆ. ವಾಸ್ತುಶಿಲ್ಪಿ ಪಿಯರ್ ಜಾನ್ನರೆ 1950ರ ದಶಕದಲ್ಲಿ ಆ ನಗರದ ಕಚೇರಿಗಳಿಗಾಗಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳು ಬೆತ್ತ ಹರಿದು, ಕಾಲು ಸಡಿಲಾಗಿ ತಾರಸಿಗಳಲ್ಲಿ, ಅಂಗಳಗಳಲ್ಲಿ ರಾಶಿಬಿದ್ದು ಗುಜರಿಯ ಬೆಲೆಗೆ ಹರಾಜಾದವು. ಕೊಂಡವರು ಚೌಕಟ್ಟು ಸರಿಮಾಡಿ ಹೊಸ ಬೆತ್ತ ಹೆಣೆಸಿದರು. ಅವೇ ಕುರ್ಚಿಗಳು ಯುರೋಪು, ಅಮೆರಿಕಗಳ ಹರಾಜು ಮನೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಹೋದವು. ಹೆಣೆಯುವ ಕೈಗಳು ಇಲ್ಲೇ ಇದ್ದವು. ಕುರ್ಚಿ ಹೆಣೆಯುವುದನ್ನು ದೃಷ್ಟಿಹೀನರ ಶಾಲೆಗಳಲ್ಲಿ ಕಸುಬಾಗಿ ಕಲಿಸುವ ಪದ್ಧತಿ ಬ್ರಿಟನ್ನಿನಂತೆ ಭಾರತದಲ್ಲೂ ಬಹುಕಾಲ ನಡೆದಿದೆ; ರಂಧ್ರದ ಎಣಿಕೆ, ಎಳೆಯ ಬಿಗಿ, ಗೆಣ್ಣಿನ ದಿಕ್ಕು ಮೂರೂ ಬೆರಳಿಗೆ ತಿಳಿಯುವಂಥವು, ಕಣ್ಣಿನ ಹಂಗು ಅಷ್ಟಿಲ್ಲ. ಸರ್ಕಾರಿ ಕಚೇರಿಗಳ ಕುರ್ಚಿಗಳು ಬೆತ್ತದಿಂದ ಪ್ಲಾಸ್ಟಿಕ್ಕಿಗೆ, ಅಲ್ಲಿಂದ ಫೋಮಿನ ತಿರುಗುಕುರ್ಚಿಗೆ ಬದಲಾದಂತೆ ಆ ಕೆಲಸವೂ ಸರಿದುಹೋಯಿತು. ನ್ಯಾಯಾಲಯ, ಗ್ರಂಥಾಲಯ, ಹಳೆಯ ಕಾಲೇಜುಗಳ ಉಗ್ರಾಣಗಳಲ್ಲಿ ಆಸನ ಹರಿದ ತೇಗದ ಕುರ್ಚಿಗಳು ಈಗಲೂ ಒಂದರ ಮೇಲೊಂದು ಕೂತಿವೆ. ಅವುಗಳ ರಂಧ್ರಗಳು ಹಾಗೇ ಇವೆ.